ಮಾವನವರ ಬಿಪಿಗೆ ನನ್ನ ಕರೆಂಟು

"ಇನ್ನು ಮುಂದ ಈ ಮನಿಗೆ ಅಂಗಡಿಯಿಂದ ಒಂದು ಸೆಲ್ಲೂ ಬರಕೂಡದು!"

ಶಿಗ್ಗಾವಿಯ ನಮ್ಮ ಮನೆಯ ಪಡಸಾಲೆಯಲ್ಲಿ ನಾನು ಹೀಗೆ ಘೋಷಿಸಿದ್ದು, ನಾನೇ ಜೋಡಿಸಿದ ಪವರ್ ಸಪ್ಲೈ ಪೆಟ್ಟಿಗೆಯ ಮೇಲೆ ಕೈಯಿಟ್ಟು. ಬಿಡಿ ಬೋರ್ಡುಗಳನ್ನು ತರಿಸಿ, ಬೆಸುಗೆ ಹಾಕಿ, ಬೆರಳು ಸುಟ್ಟುಕೊಂಡು ಕಟ್ಟಿದ್ದು. ಗುಂಡಿ ತಿರುಗಿಸಿ ಎಷ್ಟು ವೋಲ್ಟು ಕೇಳಿದರೆ ಅಷ್ಟೇ ಕೊಡುತ್ತದೆ. ಇಷ್ಟು ಕರೆಂಟು ಮೀರಬೇಡ ಎಂದರೆ ಮೀರುವುದಿಲ್ಲ. ಇಂಥ ವಿಧೇಯತೆಯನ್ನು ಆ ಮನೆಯಲ್ಲಿ ನಾನು ಬೇರೆಲ್ಲೂ ಕಂಡಿರಲಿಲ್ಲ.

ಮೊದಲು ಟಿವಿ ರಿಮೋಟಿನ ಸೆಲ್ಲು ಕಿತ್ತು ವೈರು ಹಚ್ಚಿದೆ. ಹೆಂಡತಿ ವಾಣಿಶ್ರೀ ನೋಡಿದಳು.

"ರಿಮೋಟಿಗೆ ಹಗ್ಗ ಕಟ್ಟೀರಲ್ರಿ, ಏನ್ ಎಮ್ಮಿ ಐತೇನಿದು?"

ವಿಜ್ಞಾನಕ್ಕೆ ಇಂಥ ಮಾತು ಹೊಸದಲ್ಲ. ನಾನು ಸಹಿಸಿದೆ.

ಅಷ್ಟರಲ್ಲೇ ಚಿಕ್ಕೇರೂರಿನಿಂದ ಮಾವ ಕುಬೇರಪ್ಪನವರು ಮಗಳನ್ನು ನೋಡಲು ಬಂದರು. ಮಂಡಕ್ಕಿ ಗಿರ್ಮಿಟ್ಟಿನ ತಾಟು ಎದುರಿಗಿಟ್ಟುಕೊಂಡು, ಚೀಲದಿಂದ ಬಿಪಿ ನೋಡುವ ಮಷಿನ್ನು ತೆಗೆದರು.

"ಇದರ ಸೆಲ್ ಹೋಗ್ಯಾವ್ರಿ ಅಳಿಯಂದ್ರ. ಹೊಸಾವು ತರಸ್ರಿ."

"ಸೆಲ್ಲ? ಈ ಮನ್ಯಾಗ? ಕೂಡ್ರಿ ಮಾವಾರ!"

ಮಷಿನ್ನಿಗೆ ಪೆಟ್ಟಿಗೆಯ ವೈರು ಹಚ್ಚಿ, ಆರು ವೋಲ್ಟಿಗೆ ಗುಂಡಿ ತಿರುಗಿಸಿದೆ. ಹಿರಿಯರ ತೋಳಿನ ವಿಷಯ, ಹೆಚ್ಚು ಕರೆಂಟು ಬೇಡವೆಂದು ಅದರ ಮಿತಿಯನ್ನು ತೀರಾ ಕೆಳಗಿಟ್ಟೆ. ಮಷಿನ್ನು ನರಳಿತು, ಉಬ್ಬಸಪಟ್ಟಿತು, ಕೊನೆಗೆ ಇನ್ನೂರಾ ಹತ್ತು ಎಂದಿತು.

ವಾಣಿಶ್ರೀ ಅಪ್ಪನ ಕೈಯಿಂದ ಗಿರ್ಮಿಟ್ಟು ಕಸಿದಳು. ಉಪ್ಪಿನಕಾಯಿ ಭರಣಿ ಕಪಾಟು ಸೇರಿ ಬೀಗ ಬಿತ್ತು. ಮತ್ತೊಮ್ಮೆ ನೋಡಿದೆವು. ಇನ್ನೂರಾ ಮೂವತ್ತು!

"ತಿನ್ನೋ ತಾಟು ಕಸ್ಕೊಂಡ್ರ ಏರದ ಇಳಿತೈತೇನಬೇ?" ಎಂದರು ಮಾವ.

"ಅಪ್ಪಾ, ನೀ ಮಾತಾಡಬ್ಯಾಡ! ಮಲಕೋ!" ಅವಳು ಅಳುತ್ತಲೇ ಪಕ್ಕದ ಮನೆಯ ಅಯಾಜ್‌ಗೆ ಕೂಗಿ ಕಾರು ತೆಗೆಸಿದಳು. ಆರಾಮಾಗಿದ್ದ ಮಾವನವರನ್ನು ನಾನೂ ಅಯಾಜನೂ ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿದೆವು. ಅವರ ಕಾಲು ಕಿಟಕಿಯ ಹೊರಗೆ ಉಳಿಯಿತು.

ಅರ್ಧ ದಾರಿಯಲ್ಲಿ ನನಗೆ ಹೊಳೆಯಿತು. ಮಷಿನ್ನಿನೊಳಗಿನ ಪುಟ್ಟ ಮೋಟಾರು ಗಾಳಿ ತುಂಬುವಾಗ ಹೆಚ್ಚು ಕರೆಂಟು ಕೇಳುತ್ತದೆ. ನನ್ನ ವಿಧೇಯ ಪೆಟ್ಟಿಗೆ ಮಿತಿ ಮೀರಲೊಲ್ಲದೆ ವೋಲ್ಟೇಜು ಇಳಿಸಿದೆ. ವೋಲ್ಟೇಜು ಇಳಿದು ಲೆಕ್ಕ ಕೆಟ್ಟಿದೆ! ಹೇಳೋಣವೆಂದು ಬಾಯಿ ತೆರೆದೆ. ವಾಣಿಶ್ರೀಯ ಕಣ್ಣು ನೋಡಿದೆ. ಮುಚ್ಚಿದೆ.

ದವಾಖಾನೆಯಲ್ಲಿ ಡಾಕ್ಟರು ನೋಡಿ ನಕ್ಕರು. "ಬಿಪಿ ಭಾಳ ಚೊಲೋ ಐತ್ರೀ ಯಜಮಾನ್ರ. ಹುಡುಗೂರಂಗ ಐತಿ!"

"ಹಂಗಾರ ಮನ್ಯಾಗ ಹಂಗ ಯಾಕ ಬಂತ್ರಿ?" ಎಂದು ವಾಣಿಶ್ರೀ ಕೇಳಿದಳು.

ಗೋಡೆಯ ಕಡೆ ಮುಖ ಮಾಡಿ ನಾನು ಎಲ್ಲವನ್ನೂ ಹೇಳಿದೆ. ತಿರುಗಿದರೆ ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅಂಗಿ ಬೆವರಿನಿಂದ ತೊಯ್ದುಹೋಯಿತು.

ಡಾಕ್ಟರು ನನ್ನನ್ನೇ ನೋಡಿದರು. "ನೀವೂ ಇಲ್ಲಿ ಕೂಡ್ರಿ. ತೋಳ ಚಾಚ್ರಿ."

ಪಟ್ಟಿ ಬಿಗಿಯಿತು. ಡಾಕ್ಟರು ಎರಡು ಸಲ ನೋಡಿದರು. ಆಮೇಲೆ ಗುಳಿಗೆ ಬರೆದು ಕೊಟ್ಟು, ಉಪ್ಪು, ಎಣ್ಣೆ, ಉಪ್ಪಿನಕಾಯಿ ಎಲ್ಲವನ್ನೂ ನನಗೆ ನಿಷೇಧಿಸಿದರು.

ಕಾರಿನ ತನಕ ಮಾವನವರೇ ನನ್ನ ಕೈ ಹಿಡಿದು ನಡೆಸಿಕೊಂಡು ಬಂದರು.

"ಪೆಟ್ಟಿಗಿಗೆ ಬೈಬ್ಯಾಡ್ರೀ ಅಳಿಯಂದ್ರ," ಎಂದರು ಸಮಾಧಾನದ ದನಿಯಲ್ಲಿ. "ಮನ್ಯಾಗ ಒಬ್ಬರಿಗೆ ಬಿಪಿ ಐತಿ ಅಂತ ಖರೇನ ಹೇಳೇತಿ. ಯಾರಿಗೆ ಅನ್ನೋದಷ್ಟ ತಪ್ಪೇತಿ!"