ಎತ್ತಿ ನೋಡಿ ತಂದ ಎರಡು ಬ್ಯಾಟರಿ

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಯಂತ್ರದ ವಿಷಯದಲ್ಲಿ ನನಗೆ ಬುದ್ಧಿ ಹೇಳುವವರು ಇನ್ನೂ ತೊಟ್ಟಿಲು ಬಿಟ್ಟು ಇಳಿದಿಲ್ಲ! ಐದನೇ ಕ್ಲಾಸಿಗೇ ಶಾಲೆಗೆ ಕೈಮುಗಿದು ಬಂದವನು ನಾನು. ಆಮೇಲೆ ನಲವತ್ತು ವರ್ಷ ನೀರೆತ್ತುವ ಪಂಪುಗಳ ಹೊಟ್ಟೆ ಬಿಚ್ಚಿ ಹೊಲಿದಿದ್ದೇನೆ. ಪುಸ್ತಕ ಓದಿ ಕಲಿತದ್ದಲ್ಲ. ಕಿವಿಗೊಟ್ಟು ಕೇಳಿ, ಮೂಗಿನಿಂದ ಮೂಸಿ, ಕೈಯಿಂದ ಎತ್ತಿ ನೋಡಿ ಕಲಿತದ್ದು. ಎತ್ತಿ ನೋಡುವುದು ನನ್ನ ಖಾಸಾ ವಿದ್ಯೆ. ಬೇರಿಂಗಾಗಲಿ ಕುಂಬಳಕಾಯಿಯಾಗಲಿ, ಎರಡು ಸಲ ಕೈಯಲ್ಲಿ ತೂಗಿದರೆ ಸಾಕು, ಅದರ ಹಣೆಬರಹ ಹೇಳುತ್ತೇನೆ. ಭಾರ ಇದ್ದದ್ದು ಗಟ್ಟಿ, ಹಗುರ ಇದ್ದದ್ದು ಜೊಳ್ಳು. ಇದಕ್ಕಿಂತ ದೊಡ್ಡ ಶಾಸ್ತ್ರ ಇದ್ದರೆ ತೋರಿಸಿ.

ನನ್ನದೊಂದು ಹಳೇ ಡೀಸೆಲ್ ಜೀಪಿದೆ. ನಾಲ್ಕು ಚಕ್ರಕ್ಕೂ ಎಂಜಿನ್ನಿನ ಬಲ ಹೋಗುವಂಥದ್ದು. ಕಲ್ಲು ಕೆಸರು ಏನಿದ್ದರೂ ಆಡಿನ ಹಾಗೆ ಹತ್ತುತ್ತದೆ. ನಮ್ಮ ಬೀದಿಯ ದನದ ಡಾಕ್ಟರಮ್ಮನ ವ್ಯಾನು ಕೆಟ್ಟು ಕೂತಾಗ ಈ ಜೀಪಿಗೆ ಒಳ್ಳೇ ಕಾಲ ಬಂತು. ತಗ್ಗಿನ ಊರುಗಳಲ್ಲಿ ಕುರಿಗಳಿಗೆ ರೋಗ ಬಿದ್ದಿತ್ತು. ಗುಡ್ಡದ ಮೇಲಿನ ಎರಡು ಹಟ್ಟಿಗಳಲ್ಲಿ ಆರುನೂರು ಕುರಿ. ಅಲ್ಲಿಗೆ ರೋಗ ಹತ್ತುವ ಮೊದಲು ಲಸಿಕೆ ಹತ್ತಬೇಕು. ಆ ಲಸಿಕೆಯೋ ಮಹಾ ಮುದ್ದಿನದು. ಎಂಟು ಡಿಗ್ರಿಗಿಂತ ಬಿಸಿಯಾದರೆ ಚರಂಡಿಗೆ ಸುರಿಯುವುದೇ. ಇನ್ನೊಂದು ಸಲ ಬರಬೇಕಾದರೆ ತಿಂಗಳು ಕಾಯಬೇಕು, ರೋಗ ಕಾಯುವುದಿಲ್ಲ. ಡಾಕ್ಟರಮ್ಮ ಇಷ್ಟು ಹೇಳಿ ಮುಗಿಸುವುದರೊಳಗೆ ನಾನು ಎದೆ ತಟ್ಟಿಕೊಂಡಾಗಿತ್ತು. ಜೀಪೂ ನನ್ನದು, ಅದರೊಳಗೆ ಫ್ರಿಜ್ ಓಡಿಸುವ ಹೊಣೆಯೂ ನನ್ನದು!

ಮನೆಗೆ ಬಂದು ಹೆಂಡತಿಗೆ ಪಾಠ ಮಾಡಿದೆ.

"ಜೀಪಿಗೆ ಎರಡು ಬ್ಯಾಟರಿ ಬೇಕು ಕಣೇ. ಒಂದು ಎಂಜಿನ್ ಎಬ್ಬಿಸೋಕೆ, ಇನ್ನೊಂದು ಫ್ರಿಜ್ಜು, ದೀಪ ನಡೆಸೋಕೆ. ಮೊದಲನೇದು ನನ್ನ ಹಾಗೆ. ಬೆಳಿಗ್ಗೆ ಒಂದು ಸಲ ಗುಡುಗಿದರೆ ಇಡೀ ಮನೆ ಎದ್ದು ನಿಲ್ಲಬೇಕು. ಎರಡನೇದು ನಿನ್ನ ಹಾಗೆ. ಸದ್ದಿಲ್ಲದೆ ದಿನವಿಡೀ ದುಡೀತಾ ಇರುತ್ತೆ."

ಅವಳು ಬಟ್ಟೆ ಮಡಚುವ ಕೈ ನಿಲ್ಲಿಸಲಿಲ್ಲ. "ಗುಡುಗಿದ ಮೇಲೆ ಮೊದಲನೇದಕ್ಕೆ ಏನು ಕೆಲಸ?"

"ಕೂತು ಚಾರ್ಜ್ ಆಗ್ತಿರುತ್ತೆ."

"ಹಾಗಾದ್ರೆ ಸರಿ, ನಿಮ್ಮ ಹಾಗೇನೇ."

ಬ್ಯಾಟರಿ ಅಂಗಡಿ ನಡೆಸುವವಳು ನನ್ನ ಮಗಳ ವಯಸ್ಸಿನ ಹೆಂಗಸು. ಕೈಗೆ ರಬ್ಬರ್ ಗವಸು, ಹಣೆಯ ಮೇಲೆ ಏರಿಸಿದ ಕನ್ನಡಕ. ನನಗೆ ಬೇಕಾದ್ದು ಕೇಳಿ, ಅಳತೆಯಲ್ಲಿ ಅವಳಿ ಜವಳಿಯಂತಿದ್ದ ಎರಡು ಬ್ಯಾಟರಿ ತಂದಿಟ್ಟಳು. ಅವಳು ಬಾಯಿ ತೆರೆಯುವುದರೊಳಗೆ ನಾನು ಎರಡನ್ನೂ ಎತ್ತಿ ನೋಡಿದೆ. ಒಂದು ಎಮ್ಮೆಕರುವಿನ ಹಾಗೆ ಭಾರ. ಇನ್ನೊಂದು ಸಲೀಸಾಗಿ ಮೇಲೆ ಬಂತು. ತೀರ್ಪು ಕೊಟ್ಟೆ: ಭಾರದ್ದು ಎಂಜಿನ್ನಿಗೆ, ಹಗುರದ್ದು ಫ್ರಿಜ್ಜಿಗೆ. ಅಷ್ಟು ದೊಡ್ಡ ಎಂಜಿನ್ ಎಬ್ಬಿಸುವುದು ಗಂಡಾಳಿನ ಕೆಲಸ ಅಲ್ಲವೇ!

"ಯಜಮಾನರೇ, ಅದು ಹಾಗಲ್ಲ..." ಎಂದಳು.

"ತಾಯೀ, ನೀನು ಹುಟ್ಟೋ ಮೊದಲೇ ಬ್ಯಾಟರಿಗೆ ಆಸಿಡ್ ಹುಯ್ದವನು ನಾನು."

ಅವಳು ಬಿಲ್ಲು ಬರೆಯತೊಡಗಿದಳು. ಭಾರದ ಬ್ಯಾಟರಿಯನ್ನು ಯಾರ ಕೈಗೂ ಕೊಡದೆ ನಾನೇ ಹೊತ್ತು ನಡೆದೆ. ಸೊಂಟ ಲಟಕ್ ಎಂದದ್ದು ನನಗೆ ಮಾತ್ರ ಕೇಳಿಸಿತು. ಹೆಂಡತಿ ಅಂಗಡಿಯಲ್ಲೇ ಹಿಂದುಳಿದು ಆಕೆಯೊಡನೆ ಏನೋ ಮಾತಾಡುತ್ತಿದ್ದಳು. ಗವಸಿನ ಬೆಲೆ ಕೇಳುತ್ತಿದ್ದಾಳೆ ಅಂದುಕೊಂಡೆ.

ಅರ್ಧ ದಿನ ಜೀಪಿನ ಹೊಟ್ಟೆಯೊಳಗೆ ಹೊಕ್ಕು ಎರಡನ್ನೂ ಕೂರಿಸಿದೆ. ಎರಡರ ನಡುವೆ ಗೇಟಿನಂಥ ಒಂದು ಸ್ವಿಚ್ಚು: ಎಂಜಿನ್ ಓಡುವಾಗ ತೆರೆದು ಎರಡಕ್ಕೂ ಕರೆಂಟು ಹಂಚುತ್ತದೆ, ನಿಂತರೆ ಮುಚ್ಚಿಕೊಂಡು ಒಂದರದ್ದನ್ನು ಇನ್ನೊಂದು ಕುಡಿಯದ ಹಾಗೆ ಕಾಯುತ್ತದೆ. ಅದು ನನ್ನ ಕೈಯಿಂದಾದ ಕೆಲಸ. ಇವತ್ತಿಗೂ ಅದರಲ್ಲಿ ಕೂದಲೆಳೆಯಷ್ಟು ತಪ್ಪಿಲ್ಲ. ಮೀಸೆ ತಿರುವಿ ಸೆಲ್ಫ್ ಹೊಡೆದೆ. ಜೀಪು ಗುಂಯ್... ಗುಂಯ್... ಅಂದು, ಯೋಚನೆ ಮಾಡಿ, ಎದ್ದಿತು.

"ಕೆಮ್ತಾ ಇದೆಯಲ್ಲ" ಎಂದಳು ಹೆಂಡತಿ.

"ಕೆಮ್ಮಲ್ಲ, ಗಾಂಭೀರ್ಯ."

"ಅಂಗಡಿಯಾಕೆ ಏನು ಹೇಳಿದ್ಲು ಅಂದ್ರೆ..."

"ಆಕೆ ಮಾರೋಳು, ನಾನು ಮಾಡೋನು" ಎಂದೆ. ಎಂಥ ಮಾತು! ಅಲ್ಲಿಗೆ ಆ ಸಭೆ ಮುಗಿಯಿತು.

ಹೊರಡುವ ಹಿಂದಿನ ದಿನವೇ ಫ್ರಿಜ್ಜಿಗೆ ಲಸಿಕೆ ತುಂಬಿಸಿಕೊಂಡೆವು. ಬೆಳಿಗ್ಗೆ ಡಾಕ್ಟರಮ್ಮ ಮುಂದೆ, ಬುತ್ತಿಯ ಡಬ್ಬಿ ಮತ್ತು ಹೆಂಡತಿ ಹಿಂದೆ. ಜೀಪು ಗುಡ್ಡವನ್ನು ಮೆಟ್ಟಿಲು ಹತ್ತಿದಂತೆ ಹತ್ತಿತು. ಮೇಲೆ ಚಳಿಗಾಳಿ ಕಿವಿ ಕಚ್ಚುತ್ತಿತ್ತು. ಆದರೂ ಹನ್ನೆರಡು ಡಿಗ್ರಿ: ನಮಗೆ ಚಳಿ, ಲಸಿಕೆಗೆ ಅದೂ ಸೆಕೆ. ಗಾಳಿಗೆ ಮರೆಯೆಂದು ಒಂದು ಬಂಡೆಯ ಹಿಂದಿನ ತಗ್ಗಿನಲ್ಲಿ ಜೀಪು ನಿಲ್ಲಿಸಿದೆ. ಕುರಿ ಕಾಯುವವರು ಸುತ್ತ ನೆರೆದರು. ಜನ ನೆರೆದ ಮೇಲೆ ನಾನು ಸುಮ್ಮನಿರುತ್ತೇನೆಯೇ? ಹಗಲು ಹೊತ್ತಿನಲ್ಲೇ ಹಿಂದಿನ ನಾಲ್ಕು ದೀಪ ಹಾಕಿ ತೋರಿಸಿದೆ. ಕುರಿಗಳಿಗೆ ನೀರು ಕುಡಿಸಲು ಪುಟ್ಟ ಪಂಪು ಓಡಿಸಿದೆ. ಎಲ್ಲ ಎರಡನೇ ಬ್ಯಾಟರಿಯ ಲೆಕ್ಕಕ್ಕೆ!

ಮಧ್ಯಾಹ್ನದ ಹೊತ್ತಿಗೆ ಮೊದಲ ಹಟ್ಟಿಯ ಮುನ್ನೂರು ಕುರಿ ಮುಗಿದವು. ಇನ್ನು ಮುನ್ನೂರು ಆಚೆ ದಿಬ್ಬದಲ್ಲಿ ಕಾಯುತ್ತಿದ್ದವು. ಆಗಲೇ ಫ್ರಿಜ್ಜು ಕುಂಯ್ ಎಂದು ಒಂದು ಸಲ ಅತ್ತು ಕಣ್ಣು ಮುಚ್ಚಿತು. ಡಾಕ್ಟರಮ್ಮ ಒಳಗಿನ ಥರ್ಮಾಮೀಟರ್ ನೋಡಿದರು. ಐದು.

ಏನೂ ಆಗಿಲ್ಲ, ಎಂಜಿನ್ ಓಡಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ಸೆಲ್ಫ್ ಹೊಡೆದೆ. ಗುಂಯ್. ಇನ್ನೊಮ್ಮೆ ಹೊಡೆದೆ. ಗು. ಚಳಿಗೆ ಎಂಜಿನ್ನಿನ ಎಣ್ಣೆ ಜೇಡಿಮಣ್ಣಾಗಿತ್ತು. ಅದನ್ನು ಒದ್ದು ಎಬ್ಬಿಸುವ ಬದಲು ನನ್ನ ಎಮ್ಮೆಕರು ಬ್ಯಾಟರಿ ಬೆನ್ನು ಸವರುತ್ತಿತ್ತು. ಆರನೇ ಸಲಕ್ಕೆ ಅದೂ ಇಲ್ಲ. ಕುರಿ ಕಾಯುವ ಹಿರಿಯನೊಬ್ಬ, ತಳ್ಳೋಣವೇನಣ್ಣಾ ಎಂದು ಕೇಳಿದ. ತಳ್ಳಿಸಿಕೊಂಡು ಹೋಗುವುದೇ, ನಾನೇ? ಬೇಡ ಎಂದೆ. ಸ್ಪ್ಯಾನರ್ ಹಿಡಿದು ಬಾನೆಟ್ ಎತ್ತಿದೆ. ಎಲ್ಲ ನಟ್ಟೂ ಬಿಗಿಯಾಗಿಯೇ ಇದ್ದವು.

"ಆರಾಯ್ತು ಯಜಮಾನರೇ" ಎಂದರು ಡಾಕ್ಟರಮ್ಮ. ಸ್ವಲ್ಪ ಹೊತ್ತಿಗೆ, "ಏಳು."

ಅವರು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ದಿಬ್ಬದ ಕಡೆ ನೋಡುತ್ತಾ ನಿಂತರು.

ಹೆಂಡತಿ ಬುತ್ತಿಯ ಡಬ್ಬಿ ಕೆಳಗಿಟ್ಟು ಹತ್ತಿರ ಬಂದಳು. "ಫ್ರಿಜ್ಜಿನ ವೈರು ಬಿಚ್ಚಿ ಆ ಭಾರದ್ದಕ್ಕೆ ಕಟ್ರಿ."

"ಅದು ಎಂಜಿನ್ನಿನ ಬ್ಯಾಟರಿ ಕಣೇ! ಅದರ ಶಕ್ತಿ ಫ್ರಿಜ್ಜಿಗೆ ಕೊಟ್ಟರೆ ಎಂಜಿನ್ ಎಬ್ಬಿಸೋದು ಯಾರು?"

"ಈಗ ಎಬ್ಬಿಸ್ತಾ ಇದೆಯಾ?"

ಸ್ಪ್ಯಾನರನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದೆ.

"ಎಬ್ಬಿಸೋದಕ್ಕೆ ಇಪ್ಪತ್ತು ಜನ ನಿಂತಿದ್ದಾರೆ. ಅದಕ್ಕೆ ಒದೆಯೋಕೆ ಬರದಿದ್ರೂ ಒಳಗೆ ಇನ್ನೂ ಕರೆಂಟಿದೆ, ತನಗೆ ಬರೋ ಕೆಲಸ ಮಾಡಲಿ. ಅಂಗಡಿಯಾಕೆ ಅವತ್ತೇ ಹೇಳಿದ್ಲು. ಭಾರದ್ದರ ಒಳಗೆ ದಪ್ಪ ತಗಡು, ನಿಧಾನವಾಗಿ ದಿನವಿಡೀ ಕೊಡುತ್ತೆ. ಹಗುರದ್ದರಲ್ಲಿ ತೆಳ್ಳಗಿನ ತಗಡು ತುಂಬಾ, ಒಂದೇ ಸಲ ಝಾಡಿಸಿ ಒದೆಯುತ್ತೆ, ಎಳೆದೆಳೆದು ದುಡಿಸಿದ್ರೆ ಸಾಯುತ್ತೆ. ನೀವು ತಿರುವು ಮುರುವು ಕೂರಿಸಿದ್ದೀರಿ."

ನಲವತ್ತು ವರ್ಷದ ಎತ್ತಿ ನೋಡುವ ವಿದ್ಯೆ ಆ ಗುಡ್ಡದ ಮೇಲೆ ಕುರಿಗಳ ಎದುರು ಮಣ್ಣುಪಾಲಾಯಿತು. ಭಾರ ಇದ್ದದ್ದೆಲ್ಲ ಒದೆಯುವುದಿಲ್ಲ! ವೈರು ಬದಲಾಯಿಸಿದೆ. ಫ್ರಿಜ್ಜು ಕಣ್ಣು ಬಿಟ್ಟು ಗುನುಗತೊಡಗಿತು. ಏಳು ಹಾಗೇ ನಿಂತಿತು. ಎಲ್ಲರೂ ಥರ್ಮಾಮೀಟರಿನ ಆ ಪುಟ್ಟ ಕಡ್ಡಿಯನ್ನು ನೋಡುತ್ತಿದ್ದೆವು. ಕೊನೆಗೆ ಡಾಕ್ಟರಮ್ಮ ನಕ್ಕರು. "ಆರು."

ಆಮೇಲೆ ಇಪ್ಪತ್ತು ಜನ, ಜೊತೆಗೆ ಬೊಗಳುವ ಮೂರು ನಾಯಿ, ಜೀಪನ್ನು ತಗ್ಗಿನಿಂದ ಮೇಲಕ್ಕೆ ತಳ್ಳಿ ಇಳಿಜಾರಿಗೆ ಬಿಟ್ಟರು. ಗೇರಿಗೆ ಹಾಕಿ ಕ್ಲಚ್ ಬಿಟ್ಟದ್ದು ಮಾತ್ರ ನಾನೇ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ! ಎರಡನೇ ಹಟ್ಟಿಯಲ್ಲಿ ಮೂರು ಗಂಟೆ ಎಂಜಿನ್ ಆರಿಸದೆ, ಸೀಟು ಬಿಟ್ಟು ಅಲುಗದೆ ಕೂತೆ. ಸಂಜೆಯ ಹೊತ್ತಿಗೆ ಆರುನೂರಕ್ಕೆ ಆರುನೂರೂ ಕುರಿ ಚುಚ್ಚಿಸಿಕೊಂಡಿದ್ದವು. ಚುಚ್ಚಿಸಿಕೊಂಡ ಆರುನೂರ ಒಂದನೆಯವನು ನಾನು.

ಸತ್ತ ಹಗುರ ಬ್ಯಾಟರಿಯನ್ನು ಅಂಗಡಿಯಾಕೆ ಎರಡು ದಿನ ಚಾರ್ಜಿಗಿಟ್ಟು ಬದುಕಿಸಿದಳು. ಅವಳೇ ಮನೆಗೆ ಬಂದು ಎರಡನ್ನೂ ಸರಿಯಾದ ಜಾಗಕ್ಕೆ ಕೂರಿಸುವಾಗ ಪಕ್ಕದಲ್ಲಿ ನಿಂತು ಸ್ಪ್ಯಾನರ್ ಕೊಟ್ಟವನು ನಾನೇ ಎಂದು ಹೆಮ್ಮೆಯಿಂದ ಹೇಳುತ್ತೇನೆ. ಸೆಲ್ಫ್ ಹೊಡೆದರೆ, ಆಹಾ, ಒಂದೇ ಗುಡುಗು! ಮುಂದೆ ಎಂದೂ ಕಲಸಿಹೋಗಬಾರದೆಂದು ಮುಚ್ಚಳಗಳ ಮೇಲೆ ಬಣ್ಣದಲ್ಲಿ ಗುರುತು ಬರೆಯಲು ಹೆಂಡತಿಗೆ ಹೇಳಿದೆ. ಎಂಜಿನ್ನಿನದರ ಮೇಲೆ 'ಇವರು' ಎಂದು ಬರೆದಳು. ಫ್ರಿಜ್ಜಿನದರ ಮೇಲೆ 'ನಾನು'.

ಅಂಗಡಿಯಾಕೆ ಓದಿ ನಕ್ಕು, "ಇನ್ನು ಅದಲು ಬದಲು ಆಗಲ್ಲ ಬಿಡಿ, ಅಮ್ಮಾ" ಎಂದಳು.

"ಆಗಲ್ಲ" ಎಂದಳು ಹೆಂಡತಿ, ಬಾನೆಟ್ ಮುಚ್ಚುತ್ತಾ. "ಒಂದು ದಿನ ಆಗಿತ್ತಲ್ಲ. ನನ್ನ ಕೆಲಸಕ್ಕೆ ನಿಂತ ಇವರು ಮಧ್ಯಾಹ್ನದ ಊಟಕ್ಕೆ ಮೊದಲೇ ಮಲಗಿಬಿಟ್ರು."