ಅಕ್ಕನ ಮನೆ ಕಾಣುವ ದ್ವೀಪ

ದಿನವೂ ಕಣ್ಣಿಗೆ ಬೀಳುವ ಜಾಗಕ್ಕೆ ಯಾರೂ ಪ್ರವಾಸ ಹೋಗುವುದಿಲ್ಲ. ಕಾರವಾರದ ಎದುರಿಗೆ ಸಮುದ್ರದಲ್ಲಿ ಪುಟ್ಟ ಪುಟ್ಟ ದ್ವೀಪಗಳಿವೆ. ದೂರದೂರಿನವರು ರೈಲು ಹತ್ತಿ ಬಂದು, ಅರ್ಧ ಚಡ್ಡಿಯಲ್ಲಿ ಅಲ್ಲಿ ಅಂಗಾತ ಬಿದ್ದು, ಸ್ವರ್ಗ ಸಿಕ್ಕಿತೆಂದು ಫೋಟೋ ಹಾಕುತ್ತಾರೆ. ಅಲ್ಲೇ ಹತ್ತಿರದ ಕಿನ್ನರ ಎಂಬ ಊರಲ್ಲಿ ಹುಟ್ಟಿ ಬೆಳೆದ ನನಗೆ ಸಮುದ್ರವೆಂದರೆ ಮೀನು ಬರುವ ದಿಕ್ಕು, ಅಷ್ಟೆ. ಅದರ ಎದುರು ಮಲಗಬೇಕೆಂದು ಒಮ್ಮೆಯೂ ಅನಿಸಿದ್ದಿಲ್ಲ. ಮಲಗುವ ಕೆಲಸವನ್ನು ನಾನು ಕೈಗಾ ಸ್ಥಾವರದ ಕೆಲಸಕ್ಕೆ ಹೋಗುವ ಕಂಪನಿ ಬಸ್ಸಿನಲ್ಲೇ ಮುಗಿಸಿಬಿಡುತ್ತೇನೆ. ಹತ್ತಿದ ಕೂಡಲೇ ಕಿಟಕಿಗೆ ತಲೆ ಆನಿಸಿದರೆ, ಇಳಿಯುವಾಗ ಯಾರಾದರೂ ಅಲ್ಲಾಡಿಸಬೇಕು. ಇಷ್ಟು ವಿಶ್ರಾಂತಿ ಪಡೆದವನಿಗೆ ರಜೆ ಯಾಕೆ ಬೇಕು ಹೇಳಿ?

ಬೇಕಾಗಿದ್ದದ್ದು ನನ್ನ ಹೆಂಡತಿ ಮಂಗಲಾಗೆ. ಅಂಕೋಲೆಯವಳು, ಮಾತು ಕಡಿಮೆ. ಒಂದು ಸಂಜೆ ಬಂಗಡೆ ಕೊಯ್ಯುತ್ತಾ, "ನಂಗೆ ಎರಡು ದಿನ ಸುಮ್ನೆ ಕೂರಬೇಕು. ಯಾರೂ ಏನೂ ಕೇಳಬಾರದು. ಎಲ್ಲಾದ್ರೂ ಸರಿ" ಅಂದಳು. ಕೈಯಲ್ಲಿ ಕತ್ತಿ ಇತ್ತು, ನಾನು ಒಪ್ಪಿಕೊಂಡೆ. ಮಗಳನ್ನು ಅಂಕೋಲೆಯ ಅಜ್ಜಿಮನೆಗೆ ಕಳಿಸುವುದು, ನಾವಿಬ್ಬರೂ ಎದುರಿನ ದ್ವೀಪದಲ್ಲಿ ಒಂದು ಗುಡಿಸಲು ಹಿಡಿಯುವುದು ಎಂದಾಯಿತು. ಒಂದೇ ಷರತ್ತು, ಯಾರಿಗೂ ಹೇಳಬಾರದು. ಅದರಲ್ಲೂ ನನ್ನ ಅಕ್ಕ ಸುಲೋಚನಾಗೆ.

ಅಕ್ಕ ಇರುವುದು ಕಾರವಾರದ ಕೋಡಿಬಾಗದಲ್ಲಿ. ಅವಳ ಮನೆಯ ತಾರಸಿಯ ಮೇಲೆ ನಿಂತರೆ ಆ ದ್ವೀಪ ಕಾಣುತ್ತದೆ. ನಮ್ಮ ಕಡೆ ನೆಂಟರ ಮನೆ ಕಣ್ಣಳತೆಯಲ್ಲಿರುವಾಗ ಬಾಡಿಗೆ ಹಾಸಿಗೆಯಲ್ಲಿ ಮಲಗುವುದು ಸಣ್ಣ ಅಪರಾಧವಲ್ಲ. ಒಂದೋ ನೆಂಟಸ್ತಿಕೆ ಮುರಿದಿರಬೇಕು, ಇಲ್ಲವೇ ಗಂಡಹೆಂಡತಿಯ ನಡುವೆ ಏನೋ ಆಗಿರಬೇಕು. ಸುಮ್ಮನೆ ಹೋಗಿ ಮಲಗಿದೆವು ಎಂದರೆ ನಂಬುವ ಜನವೇ ಅಲ್ಲ ನಾವು.

ಹೊರಟವರನ್ನು 'ಎಲ್ಲಿಗೆ' ಎಂದು ಕೇಳಬಾರದಂತೆ. ಅದಕ್ಕೇ ನಮ್ಮವರು "ದೂರಾ?" ಎಂದಷ್ಟೇ ಕೇಳುತ್ತಾರೆ. "ಇಲ್ಲೇ" ಎಂದರೆ ಮುಗಿಯಿತು, ಎಷ್ಟು ಒಳ್ಳೆಯ ಪದ್ಧತಿ! ಬಸ್ಸಿನಲ್ಲಿ ಪಕ್ಕದ ಸೀಟಿನವ, "ರಜೆ ಹಾಕಿದ್ಯಂತೆ, ದೂರಾ?" ಎಂದ. ನಾನೂ "ಇಲ್ಲೇ" ಎಂದೆ. ಅಲ್ಲಿಗೇ ಬಾಯಿ ಮುಚ್ಚಿದ್ದರೆ ನಾನು ನಾನಾಗಿರುತ್ತಿರಲಿಲ್ಲ. ಅಂದು ನಿದ್ದೆಯನ್ನೂ ಬಿಟ್ಟು, ದಾರಿಯಲ್ಲಿ ಕದ್ರಾ ಬರುವುದರೊಳಗೆ ದ್ವೀಪ, ಬೋಟು, ತೂಗುಜೋಲಿ ಎಲ್ಲ ಹೇಳಿ ಮುಗಿಸಿ, "ಯಾರಿಗೂ ಹೇಳಬೇಡ ಮಾರಾಯಾ" ಎಂದೂ ಸೇರಿಸಿದೆ. ಇದು ಹೇಳಲೇಬೇಕಾದ ಸುದ್ದಿ ಎಂದು ಅವನಿಗೆ ಹೊಳೆದದ್ದು ಬಹುಶಃ ಆ ಕೊನೆಯ ಮಾತಿನಿಂದಲೇ.

ದ್ವೀಪ ಚೆನ್ನಾಗಿಯೇ ಇತ್ತು. ಮಂಗಲಾ ಮರದ ಕೆಳಗೆ ಕುರ್ಚಿ ಎಳೆದುಕೊಂಡು, ಕಾಲು ಚಾಚಿ ಸಮುದ್ರ ನೋಡತೊಡಗಿದಳು. ನಾನೂ ನೋಡಿದೆ. ಒಂದು ಅಲೆ ಬಂತು, ಹೋಯಿತು. ಇನ್ನೊಂದು ಬಂತು, ಅದೂ ಹೋಯಿತು. ಆಮೇಲೇನು? "ಮಂಗಲಾ, ನನ್ನ ಟವೆಲ್ ಎಲ್ಲಿಟ್ಟೆ?" ಎಂದೆ. ಹೇಳಿದಳು. "ಗ್ಯಾಸಿನ ಗುಳಿಗೆ ತಂದಿದ್ಯಾ?" ತಂದಿದ್ದಳು. "ಇಲ್ಲಿ ಮಧ್ಯಾಹ್ನಕ್ಕೆ ಎಂಥ ಮೀನಿರಬಹುದು? ಚಹಾಕ್ಕೆ ಹೇಳ್ಲಾ? ನಿಂಗೆ ಬೇಜಾರಾಗೂದಿಲ್ವಾ?" ಮಂಗಲಾ ಕುರ್ಚಿಯನ್ನು ನೀರಿನ ಕಡೆಗೆ ಇನ್ನಷ್ಟು ಎಳೆದುಕೊಂಡಳು. ಬೇರೆ ದಾರಿ ಕಾಣದೆ ತೂಗುಜೋಲಿ ಹತ್ತಿದೆ. ಅದು ನನ್ನನ್ನು ಈಚೆಯಿಂದ ಹತ್ತಿಸಿಕೊಂಡು ಆಚೆಯಿಂದ ಕೆಡವಿತು. "ಪೆಟ್ಟಾಯ್ತಾ?" ಎಂದಳು ಮಂಗಲಾ, ತಿರುಗಿಯೂ ನೋಡದೆ. ಆ ಇಡೀ ದಿನ ಅವಳು ನನ್ನನ್ನು ಕೇಳಿದ ಪ್ರಶ್ನೆ ಅದೊಂದೇ.

ಮರುದಿನ ಬೆಳಿಗ್ಗೆ ಬಂದ ಬೋಟಿನಲ್ಲಿ ಅಕ್ಕ! ಕೈಯಲ್ಲಿ ಊಟದ ಡಬ್ಬಿ. ಹಿಂದೆ ಬಾಳೆಗೊನೆ ಹೊತ್ತ ಭಾವ. ಅಕ್ಕ ಮರಳಿನಲ್ಲಿ ಧಡಧಡ ನಡೆದು ನೇರ ಮಂಗಲಾಳ ಹತ್ತಿರ ಹೋದಳು.

"ಎಂಥ ಆಯ್ತು ಮಂಗಲಾ? ಇವ ಏನಾದ್ರೂ ಅಂದ್ನಾ? ಹೇಳು, ಇಲ್ಲೇ ಇತ್ಯರ್ಥ ಮಾಡುವಾ."

"ಅಕ್ಕಾ, ಜಗಳಾನೇ ಆಗ್ಲಿಲ್ಲ!" ಎಂದೆ ನಾನು.

"ನೀ ಸುಮ್ನಿರು ತಮ್ಮಾ. ಜಗಳ ಇಲ್ದೇ ಯಾರು ಮನೆ ಬಿಟ್ಟು ಗುಡಿಸಲಲ್ಲಿ ಮಲಗೂಕೆ ಬತ್ರು?"

ಭಾವ ಗೊನೆ ಇಳಿಸಿ, "ಸಂಸಾರ ಅಂದ್ಮೇಲೆ..." ಎಂದು ಶುರುಮಾಡಿದರು. ಮದುವೆಯಾದಾಗಿನಿಂದ ಅವರು ಈ ವಾಕ್ಯ ಶುರುಮಾಡುತ್ತಲೇ ಇದ್ದಾರೆ, ಅದರ ಕೊನೆ ಕಂಡವರಿಲ್ಲ. ನಾನು ಮಂಗಲಾಳ ಮುಖ ನೋಡಿದೆ. ಇಷ್ಟು ವರ್ಷಕ್ಕೆ ಅವಳು ಬಾಯಿಬಿಟ್ಟು ಕೇಳಿದ್ದು ಎರಡೇ ದಿನ. ಅದನ್ನೂ ಕೈಗಾ ಬಸ್ಸಿನಲ್ಲಿ ಹಂಚಿಬಿಟ್ಟಿದ್ದೆ.

ಮಂಗಲಾ ಮೆಲ್ಲಗೆ ಹೇಳಿದಳು: "ಜಗಳ ಇಲ್ಲ ಅಕ್ಕಾ. ಬೆಳಗಾದ್ರೆ ಅದೆಲ್ಲಿ, ಇದೆಲ್ಲಿ, ಏನ್ ಮಾಡ್ಲಿ ಅಂತ ಯಾರಾದ್ರೂ ಕೇಳ್ತಾನೇ ಇರ್ತಾರೆ. ಯಾರೂ ಕೇಳದ ಜಾಗ ಬೇಕಿತ್ತು. ಬಂದೆ."

ಅಕ್ಕ ಏನೋ ಹೇಳಲು ಬಾಯಿ ತೆರೆದಳು. ಅದೇ ಹೊತ್ತಿಗೆ ಭಾವ ಜೇಬು ತಡಕಿಕೊಂಡು, "ಸುಲೋಚನಾ, ನನ್ನ ಕನ್ನಡಕ ನೀ ತಂದಿದ್ಯಾ?" ಎಂದರು.

ಅಕ್ಕ ಭಾವನನ್ನೊಮ್ಮೆ, ಮಂಗಲಾಳನ್ನೊಮ್ಮೆ ನೋಡಿದಳು. ತನ್ನ ಚೀಲದಿಂದ ಕನ್ನಡಕ ತೆಗೆದು ಅವರ ಕೈಗಿಟ್ಟಳು. ಗುಡಿಸಲಿಗೆ ಹೋಗಿ ನನ್ನ ಬ್ಯಾಗು ತಂದು ನನ್ನ ಕೈಗಿಟ್ಟಳು. "ಬೋಟು ಹೋಗೂಕಿಂತ ಮುಂಚೆ ನೀವು ಗಂಡಸ್ರು ಇಬ್ರೂ ಹತ್ತಿ. ನಾವು ಹೆಂಗಸ್ರು ನಾಳೆ ಬತ್ತೇವೆ" ಎಂದು, ಇನ್ನೊಂದು ಕುರ್ಚಿ ಮರದ ಕೆಳಗೆ ಎಳೆದುಕೊಂಡು, ಕಾಲು ಚಾಚಿ ಕೂತೇಬಿಟ್ಟಳು. ಡಬ್ಬಿಯೂ ಅವರ ಬಳಿಯೇ ಉಳಿಯಿತು. ನಮ್ಮ ಪಾಲಿಗೆ ಬಂದದ್ದು ಬಾಳೆಗೊನೆ.

ಆ ಸಂಜೆ ಅಕ್ಕನ ಅಡಿಗೆಮನೆಯಲ್ಲಿ ನಾವಿಬ್ಬರು ಗಂಡಸರು ಚಹಾಪುಡಿ ಹುಡುಕಿದೆವು. ಎಲ್ಲ ಡಬ್ಬಿಗಳೂ ಸ್ಟೀಲು, ಎಲ್ಲದಕ್ಕೂ ಒಂದೇ ತರದ ಮುಚ್ಚಳ. ಸಾಸಿವೆ ಸಿಕ್ಕಿತು, ಕೋಕಂ ಸಿಕ್ಕಿತು, ಭಾವ ಎಂದೋ ಕಳೆದುಕೊಂಡಿದ್ದ ಹಳೆಯ ಕನ್ನಡಕವೂ ಸಿಕ್ಕಿತು. ಕೊನೆಗೆ ಸೋತು ಮಂಗಲಾಗೆ ಫೋನು ಹಚ್ಚಿದೆ. ಕೂಡಲೇ ಎತ್ತಿದಳು.

"ಮಂಗಲಾ, ಅಕ್ಕನ್ನ ಸ್ವಲ್ಪ ಕೇಳು, ಚಹಾಪುಡಿ..."

"ಇಲ್ಲಿ ನೆಟ್‌ವರ್ಕ್ ಇಲ್ಲ" ಎಂದಳು, ಪಕ್ಕದಲ್ಲೇ ನಿಂತಷ್ಟು ಸ್ಪಷ್ಟವಾಗಿ. ಹಿಂದಿನಿಂದ ಅಕ್ಕ ಬಿದ್ದು ಬಿದ್ದು ನಗುವುದೂ ಕೇಳಿಸಿತು. ಮಂಗಲಾ ಕೂಡ ನಕ್ಕಳು. ಅವಳು ಹಾಗೆ ನಗುವುದನ್ನು ಕೇಳಿ ಎಷ್ಟು ಕಾಲವಾಗಿತ್ತೋ. ಫೋನು ಕಟ್ಟಾಯಿತು.

"ಏನಂದ್ಲು? ಎಲ್ಲಿದೆಯಂತೆ?" ಎಂದರು ಭಾವ.

"ಕೇಳಬೇಡಿ ಭಾವ" ಎಂದು ಒಂದು ಬಾಳೆಹಣ್ಣು ಸುಲಿದೆ.