ಜಸ್ತದ ಗಂಟೆ

ಏಟು ಇಲಿಗೆ ಬಿದ್ದಿದ್ದರೆ ಈ ಕತೆ ಹುಟ್ಟುತ್ತಲೇ ಇರಲಿಲ್ಲ.

ಹುನಗುಂದದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಈರಪ್ಪ ಮಾಸ್ತರರು ಆ ರವಿವಾರ ತಾವೇ ಪೂಜೆಗೆ ಕೂತಿದ್ದರು. ತಾಯಿ ಸಂಗವ್ವ ಓಣಿಯ ಹೆಂಗಸರ ಜೊತೆ ಮೊದಲ ಬಸ್ಸಿಗೆ ಕೂಡಲಸಂಗಮಕ್ಕೆ ಹೋಗಿದ್ದಳು. ನೈವೇದ್ಯದ ಬಾಳೆಹಣ್ಣಿಗೆ ಇಲಿಯೊಂದು ಬಾಯಿ ಹಾಕಿತು. ಮಾಸ್ತರರು ಹಿಂದುಮುಂದು ನೋಡದೆ ಕೈಯಲ್ಲಿದ್ದುದನ್ನು ಬೀಸಿ ಒಗೆದರು. ಕೈಯಲ್ಲಿದ್ದುದು ಗಂಟೆ. ಇಲಿ ಹಣ್ಣಿನ ಸಮೇತ ಬಿಲ ಸೇರಿತು, ಗಂಟೆ ಬೀಸುಕಲ್ಲಿಗೆ ಬಡಿದು ಎರಡು ಹೋಳಾಯಿತು.

ಅದು ಅಂತಿಂಥ ಗಂಟೆಯಲ್ಲ. ತೀರಿಕೊಂಡ ತಂದೆ ತಮ್ಮ ಮದುವೆಯ ವರ್ಷ ಬಾಗಲಕೋಟೆಯಿಂದ ತಂದ ಕಂಚಿನ ಗಂಟೆ. ಸಂಗವ್ವ ದಿನವೂ ಪೂಜೆ ಮುಗಿಸಿ, ಅದನ್ನು ಕಿವಿಯ ಹತ್ತಿರ ಹಿಡಿದು ಬಾರಿಸಿ, “ಇದರಾಗ ನಿಮ್ಮಪ್ಪನ ಮಾತು ಕೇಳ್ತೈತಿ” ಎನ್ನುತ್ತಿದ್ದಳು. ಗಂಡ ಹೋದ ಮೇಲೆ ಆಕೆಗೆ ಉಳಿದ ದೊಡ್ಡ ಸುಖ ಅದೊಂದೇ.

“ಸಂಜೀಕ ಅತ್ತಿ ಬರ್ತಾರ. ಇದ್ದದ್ದು ಇದ್ದಂಗ ಹೇಳಿಬಿಡ್ರಿ,” ಎಂದಳು ಹೆಂಡತಿ ಸಾವಿತ್ರೆವ್ವ.

“ಹೇಳಿದ್ರ ಅವ್ವ ಊಟಾ ಬಿಡ್ತಾಳ. ನನಗ ಆಕಿ ಬಾಡಿದ ಮಾರಿ ನೋಡಾಕ ಆಗಂಗಿಲ್ಲ,” ಎಂದರು ಮಾಸ್ತರರು. ಅವರ ದನಿಯೂ ಹೋಳಾದ ಗಂಟೆಯಂತೆಯೇ ಇತ್ತು.

ಅಷ್ಟರಲ್ಲಿ ಪಕ್ಕದ ಮನೆಯ ಹುಲ್ಲಪ್ಪ ಗೋಡೆಯ ಮೇಲೆ ಮುಖ ಇಟ್ಟ. ಕರೆಯದಿದ್ದರೂ ಬರುವುದು, ಕೇಳದಿದ್ದರೂ ಹೇಳುವುದು ಅವನ ಸ್ವಭಾವ. “ಬೆಲ್ಲದ ಪಾಕದಾಗ ಅಂಟಸ್ರಿ ಮಾಸ್ತರ,” ಎಂದ. ಹಿಂದೆಯೇ ಚಿತ್ರಕಲೆಯ ಮಾಸ್ತರ ಪಂಢರೀನಾಥರು ರವಿವಾರದ ಚಹಾಕ್ಕೆಂದು ಬಂದರು. ಇಂಗ್ಲಿಷ್ ಮಾಸಿಕಗಳನ್ನು ತರಿಸಿ, ಓದಿದ್ದರಲ್ಲಿ ಅರ್ಧವನ್ನು ಊರಿಗೆಲ್ಲ ಹಂಚುವ ಉದಾರಿಗಳು ಅವರು.

“ಕಂಚು ಕರಗಸೋದು ನಮ್ಮ ಕೈಲೆ ಆಗೂದಿಲ್ರಿ, ಭಾಳ ಬೆಂಕಿ ಬೇಕಾಗ್ತದ. ಈಗ ಜಸ್ತ, ಅಂದ್ರ ಸತುವು, ಮತ್ತ ಜರ್ಮನ್ ಭಾಂಡೀ ಅಲ್ಯುಮಿನಿಯಂ, ಎರಡೂ ಕೂಡಿಸಿ ಹೊಸಾ ಲೋಹ ಮಾಡ್ಯಾರ. ಲಗೂನ ಕರಗ್ತದ. ಒತ್ತೋ ಯಂತ್ರ ಬ್ಯಾಡ, ಏನೂ ಬ್ಯಾಡ. ಉಸುಕಿನ ಅಚ್ಚಿನಾಗ ಸುರುವಿದ್ರ ಸಾಕು, ತನ್ನ ಭಾರಕ್ಕ ತಾನ ಇಳದು ಮೂಲಿಮೂಲಿ ತುಂಬ್ತದ. ಆರಿದ ಮ್ಯಾಲೆ ಕಂಚಿನಷ್ಟ ಗಟ್ಟಿ!” ಎಂದರು.

“ಗಂಟಿ ಮಾಡ್ತಾರೇನ್ರಿ ಅದರಾಗ?” ಎಂದು ಕೇಳಿದರು ಈರಪ್ಪ ಮಾಸ್ತರರು.

“ಯಂತ್ರದ ಭಾಗ ಮಾಡ್ತಾರ. ಅದರ ಮುಂದ ಗಂಟಿ ಏನು ದೊಡ್ಡದು?”

ಮುಳುಗುವವರಿಗೆ ಇಷ್ಟು ಸಾಕಾಯಿತು. ಹುಲ್ಲಪ್ಪ ಓಣಿಯ ಮನೆಮನೆಗೂ ಹೋಗಿ ಬ್ಯಾಟರಿಯ ಸತ್ತ ಸೆಲ್ಲುಗಳನ್ನು ತಂದು ಸುರಿದ. ಅವುಗಳ ಸಿಪ್ಪೆ ಜಸ್ತದ್ದು. ಜರ್ಮನ್ ಲೋಹಕ್ಕೆ ಸಾವಿತ್ರೆವ್ವನ ತವರಿನ ಬೋಗುಣಿ ಬಲಿಯಾಯಿತು. “ಇಲಿ ಹೊಡ್ಯಾಕ ಹೋಗಿ ನನ್ನ ಬೋಗುಣಿಗಿ ಬಂತು,” ಎಂದು ಆಕೆ ಒಳಗೆ ಹೋದಳು. ಭಾಂಡಿಗೆ ಕಲಾಯಿ ಹಾಕುವ ನಬಿಸಾಬ ತಿದಿ, ಇದ್ದಿಲು ಹೊತ್ತು ತಂದ. ಹೋಳುಗಳನ್ನು ದಾರದಿಂದ ಬಿಗಿದು ಹಳ್ಳದ ಉಸುಕಿನಲ್ಲಿ ಒತ್ತಿ ಅಚ್ಚು ತೆಗೆದರು.

ಮೊದಲ ಸಲ ಉಸುಕು ಹಸಿ ಇತ್ತು. ಕಾದ ಲೋಹ ಅರಳು ಹುರಿದಂತೆ ಸಿಡಿದು, ಬಗ್ಗಿ ನೋಡುತ್ತಿದ್ದ ಹುಲ್ಲಪ್ಪನ ಧೋತರಕ್ಕೆ ತೂತು ಬಿದ್ದವು. ಅವನು ಅಂಗಳದ ತುಂಬ ಕುಣಿದ. ಉಸುಕು ಒಣಗಿಸಿ ಎರಡನೆಯ ಸಲ ಹೊಯ್ದಾಗ ಗಂಟೆ ತಪ್ಪಿಲ್ಲದೆ ಬಂತು. ಹಿಡಿಕೆಯ ಬಸವಣ್ಣನ ಕೊರಳ ಸರ ಕೂಡ ಮೂಡಿತ್ತು. ಬೆಳ್ಳಿಯಂತೆ ಹೊಳೆಯುತ್ತಿದ್ದ ಅದಕ್ಕೆ ಪಂಢರೀನಾಥರು ನಾಟಕದ ಕಿರೀಟಕ್ಕೆ ಬಳಿಯುವ ಬಂಗಾರದ ಬಣ್ಣ ಬಳಿದರು. ಕಂಚಿನ ಗಂಟೆಯೇ ಎದ್ದು ಬಂದಿತ್ತು!

ಗಂಟೆಯೊಳಗೆ ನಾಲಗೆ ಕಟ್ಟಿ ಈರಪ್ಪ ಮಾಸ್ತರರು ಅಲ್ಲಾಡಿಸಿದರು.

ದಬ್.

ಮತ್ತೆ ಅಲ್ಲಾಡಿಸಿದರು. ಕುಂಬಳಕಾಯಿ ಬಡಿದಂತೆ ದಬ್, ದಬ್.

“ನಾಲಿಗಿ ಸಣ್ಣದಾತು,” ಎಂದ ಹುಲ್ಲಪ್ಪ. “ಇನ್ನೂ ಬಿಸಿ ಐತ್ರಿ, ಆರಿದ ಮ್ಯಾಲ ಮಾತಾಡ್ತೈತಿ,” ಎಂದ ನಬಿಸಾಬ. “ಬಣ್ಣ ದಪ್ಪ ಆತೇನೋ,” ಎಂದರು ಪಂಢರೀನಾಥರು. ನಾಲಗೆ ಬದಲಿಸಿದರು, ಅಂಚು ಅರದಿಂದ ತಿಕ್ಕಿದರು, ನೀರಲ್ಲಿ ಅದ್ದಿದರು. ಗಂಟೆ ದಬ್ ಬಿಟ್ಟು ಇನ್ನೊಂದು ಅಕ್ಷರ ಕಲಿಯಲಿಲ್ಲ.

ಆಗ ಈರಪ್ಪ ಮಾಸ್ತರರಿಗೆ ತಾವು ವಿಜ್ಞಾನದ ಮಾಸ್ತರರೆಂಬುದು ನೆನಪಾಯಿತು. “ಈ ಲೋಹ ನಡುಕ ನುಂಗ್ತೈತ್ರಿ! ಯಂತ್ರಕ್ಕ ಅದು ಗುಣ, ಸಪ್ಪಳಾ ಮಾಡಂಗಿಲ್ಲ. ಗಂಟಿ ನಡುಗದಿದ್ರ ನಾದ ಎಲ್ಲಿಂದ ಬರಬೇಕು?” ಎಂದು ಹಣೆ ಹಿಡಿದು ಕೂತರು. ಅಷ್ಟು ಹೊತ್ತಿಗೆ ಬಸ್ಸಿನ ಹಾರ್ನು ಕೇಳಿಸಿತು.

ಸಂಗವ್ವ ಬಂದವಳೇ ಕೈಕಾಲು ತೊಳೆದು, ವಿಭೂತಿ ಧರಿಸಿ, ದೇವರ ಜಗಲಿಯ ಮುಂದೆ ದೀಪ ಹಚ್ಚಿದಳು. ಜೊತೆಗೆ ಹೋಗಿದ್ದ ಹೆಂಗಸರು ಮಂಗಳಾರತಿಗೆಂದು ನಿಂತರು. ಆಕೆ ಗಂಟೆ ಎತ್ತಿದಳು, ತಡೆದಳು.

“ಈರ್ಯಾ, ಗಂಟಿ ಹಗರ ಆಗೈತಲ್ಲೋ?”

ಮಾಸ್ತರರು ದೀಪದ ಬತ್ತಿ ಸರಿಪಡಿಸತೊಡಗಿದರು.

“ಸಂಗಮನಾಥನ ದಯಾ,” ಎಂದು ಆಕೆಯೇ ನಕ್ಕಳು. “ಕೈಯಾಗ ಕಸುವು ಬಂದೈತಿ.”

ಕಿವಿಯ ಹತ್ತಿರ ಹಿಡಿದು ಬಾರಿಸಿದಳು. ದಬ್, ದಬ್, ದಬ್. ಮಾಸ್ತರರು ಕಣ್ಣು ಮುಚ್ಚಿ ಬೈಗುಳಕ್ಕೆ ಕಾದರು. ಬೈಗುಳ ಬರಲಿಲ್ಲ. ಕಣ್ಣು ಬಿಟ್ಟರೆ ತಾಯಿಯ ಕೆನ್ನೆ ಒದ್ದೆಯಾಗಿತ್ತು, ಮುಖದಲ್ಲಿ ನಗು.

“ಇವತ್ತ ಭಾಳ ಛಂದ ಮಾತಾಡಿದ ನಿಮ್ಮಪ್ಪ,” ಎಂದಳು.

ಸಾವಿತ್ರೆವ್ವ ಗಂಡನ ಅಂಗಿ ಜಗ್ಗಿ ಪಿಸುಗುಟ್ಟಿದಳು. “ಅತ್ತಿಗಿ ಕಿವಿ ಕೇಳಂಗಿಲ್ರಿ. ಭಾಳ ದಿನಾತು. ತುಟಿ ನೋಡಿ ಮಾತು ತಿಳಕೋತಾರ. ಯಾರಿಗೂ ಹೇಳಬ್ಯಾಡಂತ ಆಣಿ ಹಾಕ್ಸ್ಯಾರ, ಮಗಾ ಚಿಂತಿ ಮಾಡ್ತಾನ, ಮಂದಿ ನಗ್ತಾರಂತ.”

“ನನಗ ಹ್ಯಾಂಗ ಗೊತ್ತಾಗಲಿಲ್ಲ?”

“ನೀವು ಮನ್ಯಾಗೂ ಸಾಲ್ಯಾಗಿನಂಗ ಒದರ್ತೀರಿ. ಗೊತ್ತಾಗೋದು ಹ್ಯಾಂಗ?”

ಬೈಗುಳ ತಪ್ಪಿದ ಸಂತೋಷ ಎಲ್ಲಿ ಹೋಯಿತೋ ಮಾಸ್ತರರಿಗೆ ತಿಳಿಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಹೆಂಗಸರಲ್ಲೊಬ್ಬಳು ಸಂಗವ್ವನ ಮುಂದೆ ಬಂದು, “ಯವ್ವಾ, ಗಂಟಿ ಯಾಕ ಹಿಂಗ...” ಎಂದು ಬಾಯಿ ತೆರೆದಳು. ಇನ್ನೊಂದು ಮಾತು ಆಡಿದ್ದರೆ ತಾಯಿಯ ಗುಟ್ಟು ಓಣಿಗೆಲ್ಲ ಹಂಚಿಕೆಯಾಗುತ್ತಿತ್ತು. ಮಾಸ್ತರರು ಹಾರಿ ಮೂಲೆಯ ಜಾಗಟೆ ಎತ್ತಿಕೊಂಡು, ತಾಯಿಯ ಕೈ ಆಡಿದಂತೆಲ್ಲ ಜೋರಾಗಿ ಬಾರಿಸತೊಡಗಿದರು. ಆ ಹೆಂಗಸು ಮಾತನ್ನು ಅರ್ಧಕ್ಕೇ ಬಿಟ್ಟು ಕಿವಿ ಮುಚ್ಚಿಕೊಂಡಳು. ಹುಲ್ಲಪ್ಪ ಗೋಡೆಯಾಚೆಯಿಂದ ಕೈಮುಗಿದ. ಇನ್ನು ಮುಂದೆ ಶಾಲೆಯ ಮೊದಲು ಒಮ್ಮೆ, ಶಾಲೆಯ ನಂತರ ಒಮ್ಮೆ, ದಿನವೂ ಇದೇ ಕೆಲಸವೆಂದು ಮಾಸ್ತರರಿಗೆ ಬಾರಿಸುತ್ತಲೇ ಹೊಳೆಯಿತು. ಮಗನಿಗೆ ಬಂದ ಭಕ್ತಿ ಕಂಡು ಸಂಗವ್ವ ಹಿಗ್ಗಿದಳು. ಆಮೇಲೆ ಅವನ ಕೈಯ ರಭಸ ನೋಡಿ, ಹುಬ್ಬು ಗಂಟಿಕ್ಕಿ, ಗಂಟೆಯನ್ನು ಕಿವಿಗೆ ಇನ್ನಷ್ಟು ಹತ್ತಿರ ತಂದಳು.

“ಈರ್ಯಾ, ಜಾಗಟಿ ಸ್ವಲ್ಪ ಮೆಲ್ಲಕ ಬಾರ್ಸೋ. ನಿಮ್ಮಪ್ಪನ ಮಾತು ಕೇಳವಲ್ದು.”